ಹಿಮದಡಿಯ ಕಡಲುಗಳಲ್ಲಿ ಜೀವ ಹುಡುಕುವುದು ಹೇಗೆ?

ಎರಡು ದೊಡ್ಡ ನೌಕೆಗಳು ಗುರುಗ್ರಹದ ಹಾದಿ ಹಿಡಿದಿವೆ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ‘ಜ್ಯೂಸ್’ 2023ರ ಏಪ್ರಿಲ್ 14ರಂದು ಹೊರಟಿತು, ನಾಸಾದ ‘ಯುರೋಪಾ ಕ್ಲಿಪರ್’ 2024ರ ಅಕ್ಟೋಬರ್ 14ರಂದು. ಆಮೇಲೆ ಹೊರಟ ಕ್ಲಿಪರ್ ಮೊದಲು, ಅಂದರೆ 2030ರ ಏಪ್ರಿಲ್‌ನಲ್ಲಿ ಗುರುವನ್ನು ತಲುಪಲಿದೆ. ಜ್ಯೂಸ್ ತಲುಪುವುದು 2031ರ ಜುಲೈನಲ್ಲಿ. ಎರಡರ ಕಣ್ಣೂ ಇರುವುದು ಗುರುವಿನ ಮೇಲಲ್ಲ, ಅದನ್ನು ಸುತ್ತುವ ಹಿಮ ಮುಚ್ಚಿದ ಚಂದ್ರಗಳ ಮೇಲೆ. ಈ ನಡುವೆ, 2017ರಲ್ಲೇ ಕೆಲಸ ಮುಗಿಸಿದ ಕ್ಯಾಸಿನಿ ನೌಕೆಯ ಹಳೆಯ ದತ್ತಾಂಶವನ್ನು ವಿಜ್ಞಾನಿಗಳು ಮತ್ತೆ ಜಾಲಾಡಿದರು. ಶನಿಯ ಪುಟ್ಟ ಚಂದ್ರ ಎನ್ಸೆಲಡಸ್‌ನಿಂದ ಆಗಷ್ಟೇ ಚಿಮ್ಮಿದ ಹಿಮಕಣಗಳಲ್ಲಿ ಹೊಸ ಸಾವಯವ ಅಣುಗಳು ಸಿಕ್ಕಿವೆ ಎಂದು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು.

ಇಂಥ ಸುದ್ದಿ ಓದಿದಾಗ ಕೆಲವು ಪ್ರಶ್ನೆಗಳು ಏಳುವುದು ಸಹಜ. ಸೂರ್ಯನಿಂದ ಅಷ್ಟು ದೂರದಲ್ಲಿ ನೀರು ಹೆಪ್ಪುಗಟ್ಟದೆ ಉಳಿಯುವುದು ಹೇಗೆ? ಯಾರೂ ನೋಡದ ಕಡಲು ಇದೆಯೆಂದು ಗೊತ್ತಾದದ್ದು ಹೇಗೆ? ಬಿಸಿಲೇ ತಾಕದ ನೀರಿನಲ್ಲಿ ಜೀವ ಇರಬಹುದು ಎನ್ನಲು ಆಧಾರವೇನು? ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು: ಜೀವ ಇದ್ದರೆ ಅದನ್ನು ಗುರುತಿಸುವುದು ಹೇಗೆ?

ಯಾವ ಚಂದ್ರಗಳ ಮಾತು ಇದು?

ಗುರುವಿಗೆ ನಾಲ್ಕು ದೊಡ್ಡ ಚಂದ್ರಗಳಿವೆ: ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. 1610ರಲ್ಲಿ ಗೆಲಿಲಿಯೊ ತನ್ನ ದೂರದರ್ಶಕದಲ್ಲಿ ಕಂಡದ್ದು ಇವುಗಳನ್ನೇ. ಯುರೋಪಾದ ವ್ಯಾಸ ಸುಮಾರು 3,100 ಕಿಲೋಮೀಟರ್, ನಮ್ಮ ಚಂದ್ರನಿಗಿಂತ ತುಸು ಕಡಿಮೆ. ಮೇಲ್ಮೈ ಪೂರ್ತಿ ಮಂಜುಗಡ್ಡೆ. ಸಮಭಾಜಕದ ಬಳಿಯೇ ಉಷ್ಣಾಂಶ ಸೊನ್ನೆಗಿಂತ ಸುಮಾರು 160 ಡಿಗ್ರಿ ಸೆಲ್ಸಿಯಸ್ ಕೆಳಗೆ. ಆ ಗಡ್ಡೆಯ ಅಡಿಯಲ್ಲಿ 60ರಿಂದ 150 ಕಿಲೋಮೀಟರ್ ಆಳದ ಉಪ್ಪುನೀರಿನ ಕಡಲಿದೆ ಎಂಬುದು ಅಂದಾಜು. ಹಾಗಿದ್ದರೆ ಆ ಒಂದೇ ಚಂದ್ರದಲ್ಲಿ ಭೂಮಿಯ ಸಾಗರಗಳಲ್ಲೆಲ್ಲ ಇರುವ ನೀರಿನ ಸುಮಾರು ಎರಡರಷ್ಟು ನೀರಿದೆ.

ಶನಿಯ ಎನ್ಸೆಲಡಸ್ ಇದರ ಮುಂದೆ ತೀರ ಚಿಕ್ಕದು, ವ್ಯಾಸ ಸುಮಾರು 500 ಕಿಲೋಮೀಟರ್. ಇಷ್ಟು ಸಣ್ಣ ಕಾಯ ಎಂದೋ ತಣ್ಣಗಾಗಿ ಗಟ್ಟಿಯಾಗಿರಬೇಕಿತ್ತು. ಆಗಿಲ್ಲ ಎಂಬುದೇ ಗ್ರಹವಿಜ್ಞಾನದ ದೊಡ್ಡ ಅಚ್ಚರಿಗಳಲ್ಲೊಂದು.

ಗ್ಯಾನಿಮೀಡ್, ಕ್ಯಾಲಿಸ್ಟೊಗಳಲ್ಲೂ ಕಡಲಿರುವ ಸೂಚನೆಗಳಿವೆ. ಶನಿಯ ಮೈಮಸ್ ಎಂಬ ಇನ್ನೂ ಚಿಕ್ಕ ಚಂದ್ರದಲ್ಲೂ, ಭೂವೈಜ್ಞಾನಿಕ ಲೆಕ್ಕದಲ್ಲಿ ತೀರ ಎಳೆಯ ಕಡಲೊಂದು ಇರಬಹುದೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆದರೂ ಜೀವದ ಮಾತು ಬಂದಾಗ ಯುರೋಪಾ ಮತ್ತು ಎನ್ಸೆಲಡಸ್ ಹೆಸರೇ ಮೊದಲು ಬರುವುದಕ್ಕೆ ಕಾರಣವಿದೆ. ಗ್ಯಾನಿಮೀಡ್‌ನಂಥ ದೊಡ್ಡ ಚಂದ್ರದಲ್ಲಿ ಕಡಲಿನ ತಳದ ಒತ್ತಡ ಎಷ್ಟಿರುತ್ತದೆಂದರೆ ಅಲ್ಲಿ ನೀರಿಗಿಂತ ಭಾರವಾದ ಬೇರೆ ಬಗೆಯ ಗಡ್ಡೆ ಕಟ್ಟಿಕೊಳ್ಳಬಹುದು. ಆಗ ಮೇಲೂ ಗಡ್ಡೆ, ಕೆಳಗೂ ಗಡ್ಡೆ, ನಡುವೆ ನೀರು. ಆ ನೀರಿಗೂ ಒಳಗಿನ ಬಂಡೆಗೂ ನೇರ ಸಂಪರ್ಕ ಇರುವುದಿಲ್ಲ. ಯುರೋಪಾ, ಎನ್ಸೆಲಡಸ್‌ಗಳಲ್ಲಿ ನೀರು ಬಂಡೆಯನ್ನೇ ಮುಟ್ಟಿಕೊಂಡಿದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ನೀರು ಮತ್ತು ಬಂಡೆಯ ಈ ಭೇಟಿ ಏಕೆ ಮುಖ್ಯ ಎನ್ನುವುದು ಮುಂದೆ ಬರುತ್ತದೆ.

ಸೂರ್ಯನಿಲ್ಲದೆ ಶಾಖ ಎಲ್ಲಿಂದ?

ಗುರುಗ್ರಹಕ್ಕೆ ಸಿಗುವ ಬಿಸಿಲು ಭೂಮಿಗೆ ಸಿಗುವುದರ ಸುಮಾರು ಇಪ್ಪತ್ತೈದರಲ್ಲಿ ಒಂದು ಪಾಲು, ಶನಿಗೆ ನೂರರಲ್ಲಿ ಒಂದು ಪಾಲು. ಅಷ್ಟರಿಂದ ಗಡ್ಡೆ ಕರಗುವುದಿಲ್ಲ. ಅಲ್ಲಿನ ಕಡಲುಗಳನ್ನು ಬೆಚ್ಚಗಿಟ್ಟಿರುವುದು ಗುರುತ್ವಾಕರ್ಷಣೆ.

ಯುರೋಪಾ ಗುರುವನ್ನು ಮೂರೂವರೆ ದಿನಕ್ಕೊಮ್ಮೆ ಸುತ್ತುತ್ತದೆ. ಅದರ ಕಕ್ಷೆ ಪೂರ್ತಿ ದುಂಡಗಿಲ್ಲ, ಸ್ವಲ್ಪ ಉದ್ದುದ್ದ. ಹೀಗಾಗಿ ಪ್ರತಿ ಸುತ್ತಿನಲ್ಲೂ ಒಮ್ಮೆ ಗುರುವಿಗೆ ತುಸು ಹತ್ತಿರ ಬರುತ್ತದೆ, ಒಮ್ಮೆ ತುಸು ದೂರ ಸರಿಯುತ್ತದೆ. ಹತ್ತಿರ ಬಂದಾಗ ಗುರುವಿನ ಸೆಳೆತ ಹೆಚ್ಚಿ ಚಂದ್ರ ಉದ್ದಕ್ಕೆ ಜಗ್ಗುತ್ತದೆ, ದೂರ ಹೋದಾಗ ಸಡಿಲಗೊಳ್ಳುತ್ತದೆ. ಇದು ಎಡೆಬಿಡದೆ ನಡೆಯುತ್ತಲೇ ಇದೆ. ಒಂದು ಕಬ್ಬಿಣದ ತಂತಿಯನ್ನು ಒಂದೇ ಜಾಗದಲ್ಲಿ ಅತ್ತಿತ್ತ ಬೇಗಬೇಗ ಬಗ್ಗಿಸಿ, ಆ ಮಡಿಕೆಯನ್ನು ಮುಟ್ಟಿ ನೋಡಿದರೆ ಬಿಸಿ ಹತ್ತುತ್ತದಲ್ಲ, ಚಂದ್ರದ ಒಡಲಲ್ಲೂ ಆಗುವುದು ಅದೇ. ಬಂಡೆ ಮತ್ತು ಗಡ್ಡೆಯ ಒಳಗಿನ ತಿಕ್ಕಾಟ ಶಾಖವಾಗುತ್ತದೆ. ಇದಕ್ಕೆ ಉಬ್ಬರವಿಳಿತದ ಶಾಖ ಎನ್ನುತ್ತಾರೆ. ನಮ್ಮ ಸಮುದ್ರದ ಉಬ್ಬರವಿಳಿತಕ್ಕೆ ಕಾರಣವಾದ ಬಲವೇ ಇಲ್ಲಿ ಇಡೀ ಚಂದ್ರವನ್ನು ನಾದುತ್ತಿದೆ.

ಹೀಗೆ ಶಾಖ ಕಳೆದುಕೊಳ್ಳುತ್ತ ಹೋದರೆ ಕಕ್ಷೆ ಕ್ರಮೇಣ ದುಂಡಗಾಗಿ, ಈ ಜಗ್ಗಾಟ ನಿಂತುಹೋಗಬೇಕು. ನಿಲ್ಲದಿರುವುದಕ್ಕೆ ಕಾರಣ ನೆರೆಯ ಚಂದ್ರಗಳು. ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಎರಡು ಸುತ್ತು, ಅಯೋ ನಾಲ್ಕು ಸುತ್ತು ಮುಗಿಸುತ್ತವೆ. ಲೆಕ್ಕ ಇಷ್ಟು ಕರಾರುವಾಕ್ಕಾಗಿ ಇರುವುದರಿಂದ ಅವು ಒಂದನ್ನೊಂದು ದಾಟುವ ತಾಣಗಳೂ ಒಂದು ಕ್ರಮದಲ್ಲೇ ಮರುಕಳಿಸುತ್ತವೆ, ಒಂದನ್ನೊಂದು ಅದೇ ದಿಕ್ಕಿಗೆ ಸೆಳೆಯುತ್ತವೆ. ಕಕ್ಷೆ ದುಂಡಗಾಗಲು ಬಿಡುವುದೇ ಇಲ್ಲ. ಎನ್ಸೆಲಡಸ್‌ಗೆ ಇದೇ ಉಪಕಾರ ಮಾಡುತ್ತಿರುವುದು ಡಯೋನಿ ಎಂಬ ಇನ್ನೊಂದು ಚಂದ್ರ. ಡಯೋನಿಯ ಒಂದು ಸುತ್ತಿಗೆ ಎನ್ಸೆಲಡಸ್‌ನ ಎರಡು ಸುತ್ತು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ ಎಂಬುದು 1979ರಲ್ಲಿ ಸಾಬೀತಾಯಿತು, ಅದೂ ರೋಮಾಂಚನ ಹುಟ್ಟಿಸುವ ರೀತಿಯಲ್ಲಿ. ಆ ವರ್ಷದ ಮಾರ್ಚ್ ಮೊದಲ ವಾರದಲ್ಲಿ ಸ್ಟಾಂಟನ್ ಪೀಲ್, ಪ್ಯಾಟ್ರಿಕ್ ಕ್ಯಾಸೆನ್, ರೇ ರೆನಾಲ್ಡ್ಸ್ ಎಂಬ ಮೂವರು ವಿಜ್ಞಾನಿಗಳು, ನಾಲ್ಕು ದೊಡ್ಡ ಚಂದ್ರಗಳಲ್ಲಿ ಗುರುವಿಗೆ ಅತಿ ಸಮೀಪದ ಅಯೋದ ಒಡಲು ಈ ಜಗ್ಗಾಟದಿಂದ ಕರಗಿರಬೇಕೆಂದು ಬರೆದರು. ಅದೇ ವಾರ ವಾಯೇಜರ್ 1 ಅಯೋದ ಪಕ್ಕದಲ್ಲಿ ಹಾದುಹೋಯಿತು. ಅದು ಕಳಿಸಿದ ಚಿತ್ರವೊಂದರಲ್ಲಿ ಚಂದ್ರದ ಅಂಚಿನಿಂದ ಮೇಲೆದ್ದ ಮಸುಕಾದ ಕೊಡೆಯಾಕಾರವನ್ನು ಲಿಂಡಾ ಮೊರಬಿಟೊ ಎಂಬ ಎಂಜಿನಿಯರ್ ಗಮನಿಸಿದರು. ಅದು ಜ್ವಾಲಾಮುಖಿಯ ಉಗುಳು. ಭೂಮಿಯ ಹೊರಗೆ ಮನುಷ್ಯರು ಕಂಡ ಮೊದಲ ಜೀವಂತ ಜ್ವಾಲಾಮುಖಿ ಅದೇ. ಅಯೋದಲ್ಲಿ ಬಂಡೆಯನ್ನೇ ಕರಗಿಸುವ ಬಲ, ಅದಕ್ಕಿಂತ ದೂರದ ಯುರೋಪಾದಲ್ಲಿ ಸೌಮ್ಯವಾಗಿ ನೀರನ್ನು ಹೆಪ್ಪುಗಟ್ಟದಂತೆ ಕಾಯುತ್ತಿದೆ. ಮೇಲಿನ ಗಡ್ಡೆ ಕೂಡ ನೆರವಾಗುತ್ತದೆ. ಗಡ್ಡೆ ನೀರಿಗಿಂತ ಹಗುರ, ಹಾಗಾಗಿ ಮುಳುಗದೆ ತೇಲುತ್ತದೆ, ಒಳಗಿನ ಶಾಖ ಬೇಗ ಹೊರಗೆ ಹೋಗದಂತೆ ತಡೆಯುತ್ತದೆ.

ಕಾಣದ ಕಡಲು ಸಿಕ್ಕಿದ ಬಗೆ

ಯುರೋಪಾದಲ್ಲಿ ಸುಳಿವು ಕೊಟ್ಟದ್ದು ಕಾಂತಕ್ಷೇತ್ರ. ಗುರುವಿಗೆ ಬಲವಾದ ಕಾಂತಕ್ಷೇತ್ರವಿದೆ, ಅದರ ಅಕ್ಷ ಸುಮಾರು 10 ಡಿಗ್ರಿ ವಾಲಿದೆ. ಗುರು ಹತ್ತು ಗಂಟೆಗೊಮ್ಮೆ ತಿರುಗುವುದರಿಂದ ಯುರೋಪಾದ ದೃಷ್ಟಿಯಲ್ಲಿ ಆ ಕ್ಷೇತ್ರದ ದಿಕ್ಕು ಐದೂವರೆ ಗಂಟೆಗೊಮ್ಮೆ ಹಿಂದುಮುಂದಾಗುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ವಿದ್ಯುತ್ ಹರಿಯಬಲ್ಲ ವಸ್ತುವಿದ್ದರೆ ಅದರಲ್ಲಿ ವಿದ್ಯುತ್ ಪ್ರವಾಹ ಹುಟ್ಟುತ್ತದೆ, ಆ ಪ್ರವಾಹ ತನ್ನದೇ ಒಂದು ಪುಟ್ಟ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಗೆಲಿಲಿಯೊ ಹೆಸರಿನ ನೌಕೆ 1990ರ ದಶಕದಲ್ಲಿ ಯುರೋಪಾದ ಹತ್ತಿರ ಹಾದಾಗ ಇಂಥದೊಂದು ಕ್ಷೇತ್ರ ಕಂಡಿತು. ಅದು ಯುರೋಪಾದ ಸ್ವಂತ ಕ್ಷೇತ್ರವೇ, ಗುರುವಿನದಕ್ಕೆ ಬರುತ್ತಿರುವ ಉತ್ತರವೇ? ಇದನ್ನು ತೀರ್ಮಾನಿಸಲು ಮಾರ್ಗರೆಟ್ ಕಿವೆಲ್ಸನ್ ನೇತೃತ್ವದ ತಂಡ 2000ದ ಜನವರಿಯ ಭೇಟಿಗಾಗಿ ಕಾಯಿತು. ಆಗ ಗುರುವಿನ ಕ್ಷೇತ್ರ ತಿರುವುಮುರುವಾಗಿತ್ತು, ಯುರೋಪಾದ ಕ್ಷೇತ್ರವೂ ಅದಕ್ಕೆ ತಕ್ಕಂತೆ ತಿರುಗಿತ್ತು. ಗಟ್ಟಿ ಮಂಜುಗಡ್ಡೆಯಲ್ಲಿ ವಿದ್ಯುತ್ ಹಾಗೆ ಹರಿಯದು, ಉಪ್ಪುನೀರಿನಲ್ಲಿ ಹರಿಯುತ್ತದೆ. ಯುರೋಪಾದ ಕಡಲಿಗೆ ಇಂದಿಗೂ ಇದೇ ಅತಿ ಬಲವಾದ ಸಾಕ್ಷ್ಯ.

ಎನ್ಸೆಲಡಸ್‌ನಲ್ಲಿ ದಾರಿ ಬೇರೆ. ತನ್ನ ಕಕ್ಷೆಯಲ್ಲಿ ಸಾಗುವಾಗ ಅದು ಸ್ವಲ್ಪವೇ ಸ್ವಲ್ಪ ಅತ್ತಿತ್ತ ಓಲಾಡುತ್ತದೆ. ಗಡ್ಡೆಯ ಹೊದಿಕೆ ಒಳಗಿನ ಬಂಡೆಗೆ ಅಂಟಿಕೊಂಡಿದ್ದರೆ ಇಡೀ ಚಂದ್ರ ಒಟ್ಟಿಗೇ ಅಲುಗಬೇಕು, ಓಲಾಟ ತೀರ ಕಡಿಮೆ ಇರಬೇಕು. ಕ್ಯಾಸಿನಿ ವರ್ಷಗಟ್ಟಲೆ ತೆಗೆದ ಚಿತ್ರಗಳಲ್ಲಿ ಕುಳಿಗಳ ಸ್ಥಾನವನ್ನು ಒಂದೊಂದಾಗಿ ಗುರುತು ಹಾಕಿ ಅಳೆದಾಗ ಓಲಾಟ ಅದಕ್ಕಿಂತ ಹೆಚ್ಚಿತ್ತು. ಅಂದರೆ ಹೊದಿಕೆ ಬಂಡೆಗೆ ಅಂಟಿಲ್ಲ, ನಡುವೆ ಇಡೀ ಚಂದ್ರವನ್ನು ಸುತ್ತುವರಿದ ನೀರಿದೆ. 2015ರಲ್ಲಿ ಈ ಫಲಿತಾಂಶ ಬಂತು. ಅಷ್ಟು ಹೊತ್ತಿಗಾಗಲೇ ಎನ್ಸೆಲಡಸ್ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಟ್ಟಿತ್ತು.

ಎನ್ಸೆಲಡಸ್ ಚಿಮ್ಮಿಸಿದ ನೀರು

2005ರ ಆರಂಭದಲ್ಲಿ ಕ್ಯಾಸಿನಿ ಎನ್ಸೆಲಡಸ್‌ನ ಬಳಿ ಹಾದಾಗ ಕಾಂತಮಾಪಕದ ಓದು ವಿಚಿತ್ರವಾಗಿತ್ತು. ಗಾಳಿಯೇ ಇಲ್ಲವೆಂದುಕೊಂಡಿದ್ದ ಪುಟ್ಟ ಚಂದ್ರದ ಸುತ್ತ ಶನಿಯ ಕಾಂತಕ್ಷೇತ್ರ ಬಾಗುತ್ತಿತ್ತು, ಅಲ್ಲಿ ಏನೋ ಅಡ್ಡ ಇದ್ದಂತೆ. ಆ ಉಪಕರಣದ ಮುಖ್ಯಸ್ಥೆ ಮಿಶೆಲ್ ಡೌಗರ್ಟಿ, ಮುಂದಿನ ಸಲ ಇನ್ನೂ ಹತ್ತಿರ ಹೋಗೋಣ ಎಂದು ತಂಡವನ್ನು ಒಪ್ಪಿಸಿದರು. ಅದೇ ಜುಲೈನಲ್ಲಿ ನೌಕೆ 175 ಕಿಲೋಮೀಟರಿಗೂ ಹತ್ತಿರ ಹೋಯಿತು. ದಕ್ಷಿಣ ಧ್ರುವದಲ್ಲಿ, ಒಂದೊಂದೂ ಸುಮಾರು 130 ಕಿಲೋಮೀಟರ್ ಉದ್ದದ ನಾಲ್ಕು ಸಮಾನಾಂತರ ಬಿರುಕುಗಳು ಕಂಡವು. ಸುತ್ತಲಿನ ಪ್ರದೇಶಕ್ಕಿಂತ ಅವು ಬೆಚ್ಚಗಿದ್ದವು. ವರ್ಷದ ಕೊನೆಗೆ ಕ್ಯಾಮೆರಾ ಸೂರ್ಯನ ಎದುರು ಬೆಳಕಿನಲ್ಲಿ ನೋಡಿದಾಗ ಆ ಬಿರುಕುಗಳಿಂದ ನೀರಾವಿ ಮತ್ತು ಹಿಮಕಣಗಳು ಬಾಹ್ಯಾಕಾಶಕ್ಕೆ ಚಿಮ್ಮುತ್ತಿದ್ದವು.

ಆ ಚಿಮ್ಮುವಿಕೆಯ ಗಾತ್ರ ಸಣ್ಣದಲ್ಲ. ಶನಿಯ ಹೊರಗಿನ ‘ಇ’ ಉಂಗುರಕ್ಕೆ ಸರಕು ಒದಗಿಸುವುದೇ ಇದು. 2023ರಲ್ಲಿ ಪ್ರಕಟವಾದ ಜೇಮ್ಸ್ ವೆಬ್ ದೂರದರ್ಶಕದ ಅಳತೆಯ ಪ್ರಕಾರ ಸೆಕೆಂಡಿಗೆ ಸುಮಾರು 300 ಕಿಲೋಗ್ರಾಂ ನೀರು ಹೊರಬೀಳುತ್ತಿದೆ, ಅದರ ಚಾಚು 9,600 ಕಿಲೋಮೀಟರ್ ಮುಟ್ಟುತ್ತದೆ. ಕೇವಲ 500 ಕಿಲೋಮೀಟರ್ ಅಗಲದ ಚಂದ್ರವೊಂದು ಇದನ್ನು ಮಾಡುತ್ತಿದೆ ಎಂಬುದನ್ನು ನೆನಪಿಡಬೇಕು.

ಇದರ ಮಹತ್ವ ಇಷ್ಟೇ: ಕಡಲಿನ ನೀರನ್ನು ಪರೀಕ್ಷಿಸಲು ಗಡ್ಡೆ ಕೊರೆಯಬೇಕಾಗಿಲ್ಲ, ನೌಕೆ ಚಿಮ್ಮುವಿಕೆಯ ನಡುವೆ ಹಾರಿಹೋದರೆ ಸಾಕು. ಕ್ಯಾಸಿನಿ ಹಲವು ಸಲ ಹಾಗೆ ಹಾರಿತು, 2015ರ ಅಕ್ಟೋಬರ್ 28ರಂದು ಮೇಲ್ಮೈಯಿಂದ ಬರೀ 49 ಕಿಲೋಮೀಟರ್ ಎತ್ತರದಲ್ಲಿ. 1997ರಲ್ಲಿ ಹೊರಟ ಆ ನೌಕೆಯ ಉಪಕರಣಗಳನ್ನು ಕಟ್ಟುವಾಗ ಇಂಥದೊಂದು ಚಿಲುಮೆ ಇದೆಯೆಂದೇ ಯಾರಿಗೂ ತಿಳಿದಿರಲಿಲ್ಲ. ಶನಿಯ ಧೂಳು, ಅನಿಲಗಳಿಗೆಂದು ಕೊಂಡೊಯ್ದ ಉಪಕರಣಗಳೇ ಇಲ್ಲಿ ದುಡಿದವು.

ಮೊದಲು ಸಿಕ್ಕಿದ್ದು ಉಪ್ಪು. ಹಿಮಕಣಗಳಲ್ಲಿ ಸೋಡಿಯಂ ಲವಣಗಳಿದ್ದವು. ಗಡ್ಡೆ ನೇರವಾಗಿ ಆವಿಯಾಗಿದ್ದರೆ ಉಪ್ಪು ಜೊತೆಗೆ ಬರುತ್ತಿರಲಿಲ್ಲ. ಹಾಗಾಗಿ ಇವು ಕಡಲಿನ ಹನಿಗಳೇ ಹೆಪ್ಪುಗಟ್ಟಿದ ಕಣಗಳೆಂಬುದು ಖಚಿತವಾಯಿತು. 2015ರಲ್ಲಿ ಇನ್ನೊಂದು ಸುಳಿವು: ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತ ಸಣ್ಣ ಸಿಲಿಕಾ ಕಣಗಳು. ಬಂಡೆಯನ್ನು ಹಾದು ಬಂದ 90 ಡಿಗ್ರಿಗೂ ಹೆಚ್ಚು ಬಿಸಿಯಾದ ನೀರು ತಣ್ಣೀರಿಗೆ ಸೇರಿದಾಗ ಇಂಥ ಕಣಗಳು ಹುಟ್ಟುತ್ತವೆ. ಅಂದರೆ ಆ ಕಡಲಿನ ತಳದಲ್ಲಿ ಬಿಸಿನೀರಿನ ಬುಗ್ಗೆಗಳಿರಬೇಕು. 2017ರಲ್ಲಿ ಹೈಡ್ರೋಜನ್ ಅನಿಲ ಸಿಕ್ಕಿತು. 2018ರಲ್ಲಿ ದೊಡ್ಡ, ಸಂಕೀರ್ಣ ಸಾವಯವ ಅಣುಗಳ ಚೂರುಗಳು. 2023ರಲ್ಲಿ ರಂಜಕ, ಫಾಸ್ಫೇಟ್ ರೂಪದಲ್ಲಿ, ಅದೂ ಭೂಮಿಯ ಸಮುದ್ರದಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ನಮಗೆ ಗೊತ್ತಿರುವ ಜೀವಕ್ಕೆ ಇಂಗಾಲ, ಹೈಡ್ರೋಜನ್, ಸಾರಜನಕ, ಆಮ್ಲಜನಕ, ರಂಜಕ, ಗಂಧಕ ಎಂಬ ಆರು ಮೂಲವಸ್ತುಗಳು ಬೇಕು. ಇವುಗಳಲ್ಲಿ ರಂಜಕವೇ ಅಪರೂಪದ್ದು, ಡಿಎನ್‌ಎಯ ಬೆನ್ನೆಲುಬಿಗೆ ಬೇಕಾದದ್ದು. ಅದೇ ಇಷ್ಟು ಧಾರಾಳವಾಗಿ ಸಿಕ್ಕಿದ್ದು ದೊಡ್ಡ ಸಂಗತಿ.

2025ರ ಸುದ್ದಿ ಏಕೆ ಮುಖ್ಯ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಮೊದಲಿನ ಸಾವಯವ ಅಣುಗಳು ಬಹುಪಾಲು ‘ಇ’ ಉಂಗುರದ ಕಣಗಳಲ್ಲಿ ಸಿಕ್ಕಿದ್ದವು. ಆ ಕಣಗಳು ವರ್ಷಗಟ್ಟಲೆ ವಿಕಿರಣಕ್ಕೆ ಒಡ್ಡಿಕೊಂಡಿರುತ್ತವೆ, ಅಣುಗಳು ಕಡಲಿನಿಂದ ಬಂದವೋ ವಿಕಿರಣದಿಂದ ಹುಟ್ಟಿದವೋ ಎಂಬ ಸಂಶಯ ಉಳಿಯುತ್ತಿತ್ತು. ಹೊಸ ವಿಶ್ಲೇಷಣೆ ನೋಡಿದ್ದು 2008ರಲ್ಲಿ ಕ್ಯಾಸಿನಿ ಚಿಲುಮೆಯ ನಡುವೆ ಸೆಕೆಂಡಿಗೆ ಸುಮಾರು 18 ಕಿಲೋಮೀಟರ್ ವೇಗದಲ್ಲಿ ಹಾದಾಗ ಉಪಕರಣಕ್ಕೆ ಬಡಿದ ಕಣಗಳನ್ನು. ಅವು ಕಡಲಿನಿಂದ ಹೊರಬಿದ್ದು ಕೆಲವೇ ನಿಮಿಷಗಳಾಗಿದ್ದವು. ವೇಗವೂ ಅನುಕೂಲಕ್ಕೆ ಬಂತು. ನಿಧಾನವಾಗಿ ಬಡಿದರೆ ನೀರಿನ ಅಣುಗಳು ಗುಂಪುಗೂಡಿ ಬೇರೆ ಅಣುಗಳ ಗುರುತನ್ನು ಮರೆಮಾಡುತ್ತವೆ, ಇಷ್ಟು ಜೋರಾಗಿ ಬಡಿದಾಗ ಆ ಗುಂಪು ಕಟ್ಟುವುದಿಲ್ಲ.

ಬೆಳಕಿಲ್ಲದ ಬದುಕು

1977ರವರೆಗೆ, ಭೂಮಿಯ ಎಲ್ಲ ಜೀವಸಮುದಾಯಗಳೂ ಕೊನೆಗೆ ಸೂರ್ಯನ ಬೆಳಕನ್ನೇ ನೆಚ್ಚಿವೆ ಎಂದು ತಿಳಿಯಲಾಗಿತ್ತು. ಆ ವರ್ಷ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿ ಗಲಾಪಗೋಸ್ ದ್ವೀಪಗಳ ಬಳಿ ಸುಮಾರು 2,500 ಮೀಟರ್ ಆಳಕ್ಕಿಳಿಯಿತು. ಅದರಲ್ಲಿದ್ದ ಭೂವಿಜ್ಞಾನಿಗಳು ಹುಡುಕುತ್ತಿದ್ದದ್ದು ಬಿಸಿನೀರಿನ ಬುಗ್ಗೆಗಳನ್ನು. ಬುಗ್ಗೆಗಳು ಸಿಕ್ಕವು, ಅವುಗಳ ಸುತ್ತ ಕಿಕ್ಕಿರಿದ ಚಿಪ್ಪುಜೀವಿಗಳು, ಏಡಿಗಳು, ಉದ್ದನೆಯ ಕೊಳವೆಹುಳುಗಳೂ ಸಿಕ್ಕವು. ಗಾಢ ಕತ್ತಲಲ್ಲಿ ಈ ಸಂತೆ ಬದುಕಿದ್ದು ಬುಗ್ಗೆಯಿಂದ ಬರುವ ರಾಸಾಯನಿಕಗಳಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳ ಬಲದಿಂದ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೊಳವೆಹುಳುಗಳಿಗೆ ನೀರಿನಲ್ಲಿ ಕರಗಿದ ಆಮ್ಲಜನಕವೂ ಬೇಕು, ಆ ಆಮ್ಲಜನಕ ಬಂದದ್ದು ಮೇಲೆ ಬಿಸಿಲಲ್ಲಿ ಬೆಳೆದ ಜೀವಿಗಳಿಂದ. ಸೂರ್ಯನ ಹಂಗೇ ಇಲ್ಲದೆ ಬದುಕುವವು ಇನ್ನೂ ಸರಳ ಜೀವಿಗಳು. ಅವು ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡನ್ನು ಕೂಡಿಸಿ ಮೀಥೇನ್ ಮಾಡುತ್ತವೆ, ಆ ಕ್ರಿಯೆಯಲ್ಲಿ ಹೊಮ್ಮುವ ಶಕ್ತಿಯಲ್ಲೇ ಬದುಕುತ್ತವೆ. ಆ ಹೈಡ್ರೋಜನ್ ಎಲ್ಲಿಂದ ಬರುತ್ತದೆ? ಕಬ್ಬಿಣದ ಅಂಶವಿರುವ ಕೆಲವು ಬಂಡೆಗಳು ನೀರಿನೊಡನೆ ವರ್ತಿಸಿದಾಗ ಹೊರಬರುತ್ತದೆ. ನೀರು ಬಂಡೆಯನ್ನು ಮುಟ್ಟಿಕೊಂಡಿರಬೇಕು ಎಂದದ್ದು ಇದಕ್ಕೇ. 2000ದಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಪತ್ತೆಯಾದ ‘ಲಾಸ್ಟ್ ಸಿಟಿ’ ಎಂಬ ಬುಗ್ಗೆಗಳ ತಾಣದಲ್ಲಿ ಇಂಥ ರಸಾಯನಕ್ರಿಯೆ ನಡೆಯುತ್ತಿದೆ, ಅದನ್ನು ನೆಚ್ಚಿದ ಸೂಕ್ಷ್ಮಜೀವಿಗಳೂ ಅಲ್ಲಿವೆ. ಎನ್ಸೆಲಡಸ್‌ನ ಹೈಡ್ರೋಜನ್ ಸುದ್ದಿಗೆ ಅಷ್ಟು ತೂಕ ಬಂದದ್ದೂ ಇದರಿಂದಲೇ. ಅಲ್ಲಿ ಹೈಡ್ರೋಜನ್ನೂ ಇದೆ, ಇಂಗಾಲದ ಡೈಆಕ್ಸೈಡೂ ಇದೆ. ಆಹಾರ ಅಣಿಯಾಗಿದೆ.

ಅದೇ ಅಂಶವನ್ನು ತಿರುಗಿಸಿ ನೋಡುವವರೂ ಇದ್ದಾರೆ. ತಿನ್ನುವವರಿದ್ದರೆ ಇಷ್ಟೊಂದು ಹೈಡ್ರೋಜನ್ ಉಳಿಯುತ್ತಿತ್ತೇ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜೀವಿಗಳು ವಿರಳವಾಗಿರಬಹುದು, ಇಲ್ಲವೇ ಇಲ್ಲದಿರಬಹುದು. ಈಗಿರುವ ಅಳತೆಗಳು ಎರಡನ್ನೂ ಬೇರ್ಪಡಿಸಲಾರವು.

ದಪ್ಪ ಗಡ್ಡೆಯ ಅಡಿಯ ನೀರಿನಲ್ಲಿ ಜೀವ ಉಳಿಯಬಲ್ಲದೇ ಎಂಬುದಕ್ಕೆ ಅಂಟಾರ್ಕ್ಟಿಕಾದಲ್ಲಿ ಉತ್ತರ ಸಿಕ್ಕಿದೆ. 2013ರ ಜನವರಿಯಲ್ಲಿ ವಿಲನ್ಸ್ ಎಂಬ ಸರೋವರವನ್ನು ಮುಟ್ಟಲು 800 ಮೀಟರ್ ಗಡ್ಡೆಯನ್ನು ಬಿಸಿನೀರಿನಿಂದ ಕೊರೆದರು. ಆ ಕತ್ತಲ ನೀರಿನಲ್ಲಿ ಸೂಕ್ಷ್ಮಜೀವಿಗಳು ಹೇರಳವಾಗಿದ್ದವು.

ಯುರೋಪಾದ ಲೆಕ್ಕ

ಯುರೋಪಾದಲ್ಲಿ ಎನ್ಸೆಲಡಸ್‌ನಂಥ ನಿಶ್ಚಿತ ಚಿಲುಮೆ ಇಲ್ಲ. ಹಬಲ್ ದೂರದರ್ಶಕ 2012ರಿಂದೀಚೆಗೆ ಕೆಲವು ಸಲ ಚಿಲುಮೆಯಂಥದನ್ನು ಕಂಡಿತು, ಆದರೆ ಇನ್ನೂ ದೃಢಪಟ್ಟಿಲ್ಲ. ಯುರೋಪಾದ ಬಲ ಬೇರೆ ಕಡೆ ಇದೆ. ಅಲ್ಲಿನ ಕಡಲು ಬಹುಶಃ ಕೋಟ್ಯಂತರ ವರ್ಷಗಳಿಂದ ಹಾಗೇ ಇದೆ, ಜೀವ ಹುಟ್ಟಲು ಬೇಕಾದಷ್ಟು ಕಾಲ ಅದಕ್ಕೆ ಸಿಕ್ಕಿರಬಹುದು. ಇನ್ನೊಂದು, ಆಮ್ಲಜನಕ. ಗುರುವಿನ ಸುತ್ತಲಿನ ಭಯಂಕರ ವಿಕಿರಣ ಮೇಲ್ಮೈಯ ಗಡ್ಡೆಯನ್ನು ಬಡಿದು ನೀರಿನ ಅಣುವನ್ನೇ ಒಡೆಯುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 12 ಕಿಲೋಗ್ರಾಂ ಆಮ್ಲಜನಕ ಹುಟ್ಟುತ್ತಿದೆ ಎಂದು ಜೂನೊ ನೌಕೆಯ ಅಳತೆಗಳಿಂದ 2024ರಲ್ಲಿ ಲೆಕ್ಕ ಹಾಕಿದರು. ಅದರಲ್ಲಿ ಒಂದು ಪಾಲು ಗಡ್ಡೆಯ ಬಿರುಕು, ಪದರಗಳ ಚಲನೆಯ ಮೂಲಕ ಕೆಳಗಿನ ಕಡಲಿಗೆ ಇಳಿಯುತ್ತಿದ್ದರೆ, ಅಲ್ಲಿನ ರಸಾಯನಕ್ಕೆ ಶಕ್ತಿಯ ಹೊಸ ಮೂಲ ಸಿಕ್ಕಂತೆ. ಮನುಷ್ಯನನ್ನು ಒಂದೇ ದಿನದಲ್ಲಿ ಸಾವಿಗೆ ದೂಡಬಲ್ಲ ವಿಕಿರಣವೇ ಗಡ್ಡೆಯ ಅಡಿಯ ಜೀವಕ್ಕೆ ನೆರವಾಗುತ್ತಿರಬಹುದು.

ಕ್ಲಿಪರ್ ಮಾಡುವುದೇನು

ಈ ವಿಕಿರಣದಿಂದಾಗಿಯೇ ಕ್ಲಿಪರ್ ಯುರೋಪಾವನ್ನು ಸುತ್ತುವುದಿಲ್ಲ. ಗುರುವನ್ನು ದೊಡ್ಡ ಕಕ್ಷೆಯಲ್ಲಿ ಸುತ್ತುತ್ತ 49 ಸಲ ಯುರೋಪಾದ ಪಕ್ಕ ರಭಸದಿಂದ ಹಾದು, ದತ್ತಾಂಶ ತುಂಬಿಕೊಂಡು ದೂರ ಸರಿದುಬಿಡುತ್ತದೆ. ಅತಿ ಸಮೀಪದ ಹಾದಿ ಮೇಲ್ಮೈಯಿಂದ 25 ಕಿಲೋಮೀಟರ್ ಮಾತ್ರ. ಸೂಕ್ಷ್ಮ ಎಲೆಕ್ಟ್ರಾನಿಕ್ಸ್ ಎಲ್ಲ ದಪ್ಪ ಲೋಹದ ಪೆಟ್ಟಿಗೆಯೊಳಗಿದೆ. ಬಿಸಿಲು ಕ್ಷೀಣವಾದ್ದರಿಂದ ಸೌರಫಲಕಗಳನ್ನು ಬಿಡಿಸಿದರೆ ತುದಿಯಿಂದ ತುದಿಗೆ 30 ಮೀಟರಿಗೂ ಹೆಚ್ಚು ಉದ್ದ.

ಅದರಲ್ಲಿ ಒಂಬತ್ತು ಉಪಕರಣಗಳಿವೆ. ರಾಡಾರ್ ಗಡ್ಡೆಯನ್ನು ತೂರಿ ಒಳಗಿನ ನೀರಿನ ಗುಂಡಿಗಳನ್ನು ಹುಡುಕುತ್ತದೆ. ಕಾಂತಮಾಪಕ ಕಡಲಿನ ಆಳವನ್ನೂ ಉಪ್ಪಿನ ಪ್ರಮಾಣವನ್ನೂ ಅಂದಾಜಿಸುತ್ತದೆ. ನೌಕೆಯ ರೇಡಿಯೊ ಸಂಕೇತದ ಏರಿಳಿತದಿಂದ ಚಂದ್ರ ಎಷ್ಟು ಜಗ್ಗುತ್ತದೆಂದು ತಿಳಿಯಬಹುದು. ಒಳಗೆ ಕಡಲಿದ್ದರೆ ಪ್ರತಿ ಸುತ್ತಿಗೂ ಮೇಲ್ಮೈ ಸುಮಾರು 30 ಮೀಟರ್ ಏರಿಳಿಯಬೇಕು, ಎಲ್ಲ ಗಟ್ಟಿಯಾಗಿದ್ದರೆ ಒಂದು ಮೀಟರಿನಷ್ಟು. ನನಗೆ ಎಲ್ಲಕ್ಕಿಂತ ಕುತೂಹಲ ಇರುವುದು ಧೂಳು ವಿಶ್ಲೇಷಕದ ಬಗ್ಗೆ. ಸಣ್ಣ ಉಲ್ಕೆಗಳು ಬಡಿದಾಗ ಯುರೋಪಾದ ಮೇಲ್ಮೈಯಿಂದ ಹಿಮದ ಪುಡಿ ಮೇಲೇಳುತ್ತದೆ. ಆ ಪುಡಿಯ ಒಂದೊಂದೇ ಕಣವನ್ನು ಈ ಉಪಕರಣ ಬಿಡಿಸಿ ಅಳೆಯುತ್ತದೆ. ಅಲಾಸ್ಕದ ತಣ್ಣನೆಯ ಕಡಲಲ್ಲಿ ಬದುಕುವ ಬ್ಯಾಕ್ಟೀರಿಯಾವೊಂದನ್ನು ಬಳಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ತಂಡವೊಂದು 2024ರಲ್ಲಿ ಹೇಳಿದ್ದು: ಒಂದು ಹಿಮಕಣದಲ್ಲಿ ಒಂದೇ ಜೀವಕೋಶದ ಅತ್ಯಲ್ಪ ಭಾಗ ಸಿಕ್ಕಿಕೊಂಡಿದ್ದರೂ ಇಂಥ ಉಪಕರಣ ಅದನ್ನು ಗುರುತಿಸಬಲ್ಲದು.

ಆದರೂ ಕ್ಲಿಪರ್ ಜೀವ ಹುಡುಕುವ ನೌಕೆಯಲ್ಲ. ಜೀವ ಬಾಳಬಹುದಾದ ಪರಿಸ್ಥಿತಿ ಅಲ್ಲಿದೆಯೇ ಎಂಬುದಷ್ಟೇ ಅದರ ಮುಂದಿರುವ ಪ್ರಶ್ನೆ. ಜೀವಯೋಗ್ಯ ಎಂದರೆ ಜೀವ ಇದೆ ಎಂದಲ್ಲ. ಸುದ್ದಿಯ ತಲೆಬರಹಗಳಲ್ಲಿ ಈ ಅಂತರ ಅಳಿಸಿಹೋಗುವುದು ಬೇಸರದ ಸಂಗತಿ.

ಜೀವವೆಂದು ಹೇಳಲು ಏನು ಬೇಕು?

ಸಾವಯವ ಅಣು ಎಂದರೆ ಜೀವಿಯಿಂದ ಬಂದದ್ದೆಂದು ಅರ್ಥವಲ್ಲ, ಇಂಗಾಲವನ್ನು ಆಧರಿಸಿದ ಅಣು ಎಂದಷ್ಟೇ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಹತ್ತಾರು ಬಗೆಯ ಅಮೈನೊ ಆಮ್ಲಗಳು ಸಿಕ್ಕವು, ಅವು ಯಾವ ಜೀವಿಯ ನೆರವೂ ಇಲ್ಲದೆ ಆದವು. ಹಾಗಾಗಿ ಒಂದು ಅಣು ಸಿಕ್ಕಿತೆಂಬುದು ಸಾಲದು, ಅಣುಗಳ ಒಟ್ಟು ವಿನ್ಯಾಸವನ್ನು ನೋಡಬೇಕು.

ನಿರ್ಜೀವ ರಸಾಯನಕ್ರಿಯೆ ಸರಳವಾದದ್ದನ್ನು ಹೆಚ್ಚು ಮಾಡುತ್ತದೆ, ಸಂಕೀರ್ಣವಾದದ್ದನ್ನು ಕಡಿಮೆ. ಅಮೈನೊ ಆಮ್ಲಗಳಲ್ಲಿ ಅತಿ ಸರಳವಾದ ಗ್ಲೈಸಿನ್ ಅಲ್ಲಿ ಮೇಲುಗೈ ಸಾಧಿಸಿರುತ್ತದೆ. ಜೀವಿಗಳು ಹಾಗಲ್ಲ, ತಯಾರಿಸಲು ಕಷ್ಟವಾದರೂ ತಮಗೆ ಬೇಕಾದದ್ದನ್ನೇ ತಯಾರಿಸುತ್ತವೆ. ಇನ್ನೊಂದು ಗುರುತು, ಬಹುಪಾಲು ಅಮೈನೊ ಆಮ್ಲಗಳಿಗೆ ಒಂದರ ಕನ್ನಡಿ ಬಿಂಬದಂತೆ ಇನ್ನೊಂದು ಇರುವ ಎರಡು ರೂಪಗಳಿವೆ. ಜೀವಿಯಿಲ್ಲದೆ ಹುಟ್ಟಿದಾಗ ಎರಡೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ಭೂಮಿಯ ಜೀವಿಗಳು ತಮ್ಮ ಪ್ರೋಟೀನುಗಳಿಗೆ ಒಂದೇ ರೂಪವನ್ನು, ‘ಎಡ’ ಎಂದು ಕರೆಯುವುದನ್ನು ಬಳಸುತ್ತವೆ. ಕೊಬ್ಬಿನ ಆಮ್ಲಗಳಲ್ಲೂ ಹೀಗೇ: ಜೀವಕೋಶ ಅವುಗಳನ್ನು ಎರಡೆರಡು ಇಂಗಾಲದ ಪರಮಾಣು ಜೋಡಿಸುತ್ತ ಕಟ್ಟುವುದರಿಂದ ಸರಿಸಂಖ್ಯೆಯವೇ ಹೆಚ್ಚು. ಇಂಥ ಹಲವು ಗುರುತುಗಳು ಒಂದೇ ಮಾದರಿಯಲ್ಲಿ ಒಟ್ಟಿಗೆ ಕಂಡರೆ ಮಾತ್ರ ಜೀವದ ಮಾತನ್ನು ಗಟ್ಟಿದನಿಯಲ್ಲಿ ಆಡಬಹುದು.

ಒಂದೇ ಪರೀಕ್ಷೆಯನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಮಂಗಳ ಕಲಿಸಿದೆ. 1976ರಲ್ಲಿ ಇಳಿದ ವೈಕಿಂಗ್ ನೌಕೆಗಳ ಒಂದು ಪ್ರಯೋಗ ಜೀವವಿದೆ ಎಂಬಂಥ ಫಲಿತಾಂಶ ಕೊಟ್ಟಿತು, ಇನ್ನೊಂದು ಉಪಕರಣಕ್ಕೆ ಮಣ್ಣಿನಲ್ಲಿ ಸಾವಯವ ಅಣುಗಳ ನಂಬಬಹುದಾದ ಗುರುತೇ ಕಾಣಲಿಲ್ಲ. ಮಣ್ಣಿನ ರಸಾಯನವೇ ಹಾಗೆ ವರ್ತಿಸಿರಬೇಕೆಂದು ಹೆಚ್ಚಿನವರು ತೀರ್ಮಾನಿಸಿದರು. ಆ ವಾದ ಪೂರ್ತಿ ಮುಗಿದಿಲ್ಲ.

ನಮ್ಮ ಸೂಕ್ಷ್ಮಜೀವಿಗಳೇ ಅಲ್ಲಿಗೆ ಹೋದರೆ?

ಭೂಮಿಯಿಂದ ಹೋದ ಬ್ಯಾಕ್ಟೀರಿಯಾ ಆ ಕಡಲಿಗೆ ಬಿದ್ದರೆ ಎರಡು ಅನಾಹುತ. ಹುಡುಕಾಟವೇ ಕೆಡುತ್ತದೆ, ಅಲ್ಲಿ ಜೀವವಿದ್ದರೆ ಅದಕ್ಕೂ ಹಾನಿ. ಬೇರೆ ಲೋಕಗಳನ್ನು ಹಾನಿಕರವಾಗಿ ಕಲುಷಿತಗೊಳಿಸಬಾರದೆಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳುತ್ತದೆ. ಇಂಥ ಕಡಲಿಗೆ ಭೂಮಿಯ ಜೀವಿ ತಲುಪುವ ಸಂಭವ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಇರಬೇಕೆಂಬುದು ಪಾಲಿಸಿಕೊಂಡು ಬಂದ ಮಾನದಂಡ. ಈ ಕಾರಣಕ್ಕೇ ಗೆಲಿಲಿಯೊ ನೌಕೆಯನ್ನು 2003ರಲ್ಲಿ ಗುರುವಿನೊಳಕ್ಕೂ, ಕ್ಯಾಸಿನಿಯನ್ನು 2017ರ ಸೆಪ್ಟೆಂಬರ್ 15ರಂದು ಶನಿಯೊಳಕ್ಕೂ ಬೇಕೆಂದೇ ಬೀಳಿಸಿ ಸುಟ್ಟುಹಾಕಿದರು.

ಮುಂದಿನ ಹೆಜ್ಜೆ

ಗಡ್ಡೆ ಕೊರೆದು ಕಡಲಿಗಿಳಿಯುವ ಕನಸು ದೊಡ್ಡದು, ಹತ್ತಿರದ್ದಲ್ಲ. ಅಂಟಾರ್ಕ್ಟಿಕಾದ ವೊಸ್ಟೊಕ್ ಸರೋವರವನ್ನು 2012ರಲ್ಲಿ ಮುಟ್ಟಲು ಕೊರೆದದ್ದು 3,769 ಮೀಟರ್, ಅದಕ್ಕೇ ದಶಕಗಳು ಹಿಡಿದವು. ಯುರೋಪಾದ ಗಡ್ಡೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು ಇರಬಹುದು. ಪರಮಾಣು ಶಾಖದಿಂದ ಗಡ್ಡೆ ಕರಗಿಸುತ್ತ ಇಳಿಯುವ ಯಂತ್ರ, ಅದರ ಹೊಟ್ಟೆಯಿಂದ ಹೊರಬಂದು ಈಜುವ ಅಂಗೈಯಗಲದ ರೋಬಾಟುಗಳು, ಇವೆಲ್ಲ ನಾಸಾದ ಪ್ರಯೋಗಾಲಯಗಳಲ್ಲಿ ಚಿಂತನೆ, ಪರೀಕ್ಷೆಗಳ ಹಂತದಲ್ಲಿವೆ. ಈಜುವ ರೋಬಾಟಿನ ಮಾದರಿಯನ್ನು 2024ರಲ್ಲಿ ಈಜುಕೊಳದಲ್ಲಿ ಬಿಟ್ಟು ನೋಡಿದ್ದಾರೆ.

ಅದಕ್ಕಿಂತ ಬೇಗ ಕೈಗೂಡಬಹುದಾದದ್ದು ಎನ್ಸೆಲಡಸ್‌ಗೆ ಮರುಪ್ರಯಾಣ. ಅಲ್ಲಿ ಕೊರೆಯುವ ಕೆಲಸವಿಲ್ಲ, ಚಿಲುಮೆಯಿಂದ ಬಿದ್ದ ಹಿಮ ದಕ್ಷಿಣ ಧ್ರುವದಲ್ಲಿ ಹಾಸಿಕೊಂಡಿದೆ, ಇಳಿದು ಎತ್ತಿಕೊಳ್ಳುವುದಷ್ಟೇ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ತನ್ನ ಮುಂದಿನ ದೊಡ್ಡ ಯೋಜನೆಗಳಲ್ಲಿ ಇದನ್ನು ಪರಿಗಣಿಸುತ್ತಿದೆ, ಉಡಾವಣೆ 2040ರ ದಶಕದ ಆರಂಭಕ್ಕೆ. ಇಲ್ಲಿ ಋತುವಿನ ಲೆಕ್ಕವೂ ಬರುತ್ತದೆ. ಶನಿಯ ಒಂದು ವರ್ಷ ನಮ್ಮ 29 ವರ್ಷಗಳಿಗೂ ಹೆಚ್ಚು, ಅಲ್ಲಿನ ದಕ್ಷಿಣ ಧ್ರುವಕ್ಕೆ ಸುಮಾರು ಹದಿನೈದು ವರ್ಷ ಬಿಸಿಲು, ಹದಿನೈದು ವರ್ಷ ಕತ್ತಲು. ಎನ್ಸೆಲಡಸ್‌ನ ಆ ಬಿರುಕುಗಳ ಪ್ರದೇಶ 2039ರ ಹೊತ್ತಿಗೆ ಕತ್ತಲಿಗೆ ಜಾರುತ್ತದೆ, ಮತ್ತೆ ಬಿಸಿಲು ಕಾಣುವುದು 2050ರ ದಶಕದ ನಡುವಿನಲ್ಲಿ. 2040ರ ಆರಂಭದಲ್ಲಿ ಹೊರಟ ನೌಕೆ ದಾರಿ ಸವೆಸಿ, ಶನಿಯ ಸುತ್ತ ವೇಗ ತಗ್ಗಿಸಿಕೊಂಡು ಇಳಿಯಲು ಸಿದ್ಧವಾಗುವುದೂ ಹೆಚ್ಚುಕಡಿಮೆ ಆ ಸಮಯಕ್ಕೇ.